ಗುಡಾಣದ ಮುಚ್ಚಳ ತೆಗೆದವಳು

ಪಂಡೋರಾ ಕತೆ ಕೇಳದವರು ಕಡಿಮೆ. ದೇವತೆಗಳು ಒಬ್ಬ ಹುಡುಗಿಗೆ ಒಂದು ಪೆಟ್ಟಿಗೆ ಕೊಟ್ಟು 'ತೆಗೀಬೇಡ' ಅಂದರು. ಅವಳು ಕುತೂಹಲ ತಡೆಯಲಾರದೆ ತೆಗೆದಳು. ರೋಗ, ಮುಪ್ಪು, ಹೊಟ್ಟೆಕಿಚ್ಚು ಎಲ್ಲ ಹೊರಗೆ ಹಾರಿಹೋದವು. ಗಾಬರಿಯಲ್ಲಿ ಮುಚ್ಚಿದಾಗ ಒಳಗೆ ಉಳಿದದ್ದು ಒಂದೇ: ಭರವಸೆ. ಇದನ್ನು ಯಾವುದೋ ಮಕ್ಕಳ ಪುಸ್ತಕದಲ್ಲಿ ಓದಿರ್ತೀವಿ, ಇಲ್ಲವೇ ಆಫೀಸಿನ ಟ್ರೇನಿಂಗಿನಲ್ಲಿ ಯಾರೋ ಕೊನೆಯ ಸ್ಲೈಡಿಗೆ ಹಾಕಿ ತೋರಿಸಿರ್ತಾರೆ. ಕನ್ನಡ ಪತ್ರಿಕೆಗಳಲ್ಲಂತೂ ಯಾವ ಹಗರಣದ ಕಡತ ಬಿಚ್ಚಿಕೊಂಡರೂ ಅದು 'ಪಂಡೋರಾ ಪೆಟ್ಟಿಗೆ'. 2021ರಲ್ಲಿ ವಿದೇಶಗಳಲ್ಲಿ ಗುಟ್ಟಾಗಿ ಹಣ ಇಟ್ಟವರ ದಾಖಲೆಗಳು ಸೋರಿದಾಗ ಪತ್ರಕರ್ತರು ಅದಕ್ಕೆ ಇಟ್ಟ ಹೆಸರೂ ಪಂಡೋರಾ ಪೇಪರ್ಸ್.

ಈ ಕತೆಯ ಅತಿ ಹಳೆಯ ರೂಪ ಸಿಗುವುದು ಹೆಸಿಯಡ್ ಎಂಬ ಗ್ರೀಕ್ ಕವಿಯಲ್ಲಿ. ಕ್ರಿ.ಪೂ. 700ರ ಆಸುಪಾಸಿನವನು. ಅವನು ಇದನ್ನು ಎರಡು ಸಲ ಹೇಳಿದ್ದಾನೆ. ಒಂದು 'ಥಿಯಾಗನಿ'ಯಲ್ಲಿ, ಅಂದರೆ ದೇವತೆಗಳ ಹುಟ್ಟಿನ ಕಾವ್ಯದಲ್ಲಿ. ಇನ್ನೊಂದು 'ವರ್ಕ್ಸ್ ಅಂಡ್ ಡೇಸ್' ಅಂತ ಇಂಗ್ಲಿಷಿನಲ್ಲಿ ಕರೆಯೋ ಕಾವ್ಯದಲ್ಲಿ. ಅದನ್ನು ಇಲ್ಲಿ 'ದುಡಿಮೆ ಮತ್ತು ದಿನಗಳು' ಅಂತ ಕರೀತೀನಿ. ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಓದಿದರೆ ಮೊದಲು ಕಣ್ಣಿಗೆ ಬೀಳೋದು ಅಲ್ಲಿ ಇಲ್ಲದ ಸಂಗತಿಗಳು. ಪೆಟ್ಟಿಗೆ ಇಲ್ಲ. ಪಂಡೋರಾಗೆ 'ತೆಗೀಬೇಡ' ಅಂತ ಯಾರೂ ಹೇಳುವುದಿಲ್ಲ. ಅವಳಿಗೆ ಕುತೂಹಲ ಇತ್ತು ಅನ್ನೋದಕ್ಕೆ ಒಂದು ಶಬ್ದವೂ ಇಲ್ಲ. ಥಿಯಾಗನಿಯಲ್ಲಂತೂ ಅವಳಿಗೆ ಹೆಸರೂ ಇಲ್ಲ, ತೆಗೆಯೋದಕ್ಕೆ ಪಾತ್ರೆಯೂ ಇಲ್ಲ.

ಹಾಗಾದರೆ ಇರೋದೇನು? ನನ್ನ ಓದಿನಲ್ಲಿ, ಒಂದು ಆಸ್ತಿ ಜಗಳ ಮತ್ತು ಮನೆಯ ಕಾಳಿನ ಲೆಕ್ಕ.

ಹೆಸಿಯಡ್‌ನ ಅಪ್ಪ ಏಷ್ಯಾ ಮೈನರಿನ ತೀರದಲ್ಲಿದ್ದ ಕೈಮೆ ಅನ್ನೋ ಊರಿಂದ ಬಡತನ ತಾಳಲಾರದೆ ಸಮುದ್ರ ದಾಟಿ ಬಂದವನು. ನೆಲೆಸಿದ್ದು ಹೆಲಿಕಾನ್ ಬೆಟ್ಟದ ಹತ್ತಿರ, ಆಸ್ಕ್ರಾ ಎಂಬ ಹಳ್ಳಿಯಲ್ಲಿ. ಆ ಹಳ್ಳಿಯ ಬಗ್ಗೆ ಮಗನ ಬಾಯಲ್ಲಿ ಒಂದು ಒಳ್ಳೇ ಮಾತಿಲ್ಲ. ಚಳಿಗಾಲಕ್ಕೂ ಬೈತಾನೆ, ಬೇಸಿಗೆಗೂ ಬೈತಾನೆ. ಅಪ್ಪನ ಆಸ್ತಿ ಪಾಲಾದಾಗ ಸೋದರ ಪರ್ಸೀಸ್ ತನ್ನ ಪಾಲಿಗಿಂತ ಹೆಚ್ಚು ಬಾಚಿಕೊಂಡ. ಊರಿನ ದೊರೆಗಳ ಕೈ ಬೆಚ್ಚಗೆ ಮಾಡಿ ಅದನ್ನು ದಕ್ಕಿಸಿಕೊಂಡ ಅನ್ನೋದು ಕವಿಯ ದೂರು. 'ದುಡಿಮೆ ಮತ್ತು ದಿನಗಳು' ಆ ಪರ್ಸೀಸ್‌ನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದ ಕಾವ್ಯ. ಜಗಳ ಬಿಡು, ಕೋರ್ಟು-ಕಟ್ಟೆ ಸುತ್ತೋದು ಬಿಡು, ಹೊಲಕ್ಕೆ ಹೋಗು ಅಂತ. ಮನುಷ್ಯನ ಬದುಕು ಯಾಕಿಷ್ಟು ಕಷ್ಟ ಅನ್ನೋ ದೊಡ್ಡ ಪ್ರಶ್ನೆ ಹುಟ್ಟೋದು ಈ ಚಿಕ್ಕ ಜಗಳದೊಳಗೆ.

ಪ್ರಶ್ನೆಗೆ ಅವನು ಕೊಡೋ ಮೊದಲ ಉತ್ತರದಲ್ಲಿ ಹೆಣ್ಣಿನ ಸುದ್ದಿಯೇ ಇಲ್ಲ. ದೇವತೆಗಳು ನಮ್ಮ ಜೀವನೋಪಾಯವನ್ನು ಬಚ್ಚಿಟ್ಟಿದ್ದಾರೆ, ಅಷ್ಟೇ. ಬಚ್ಚಿಡದೇ ಇದ್ದಿದ್ದರೆ ಒಂದು ದಿನ ಕೆಲಸ ಮಾಡಿ ಒಂದು ವರ್ಷ ಕೂತು ಉಣ್ಣಬಹುದಿತ್ತು. ದೋಣಿಯ ಚುಕ್ಕಾಣಿಯನ್ನು ಒಲೆಯ ಹೊಗೆಗೆ ನೇತುಹಾಕಿ ಮರೆತುಬಿಡಬಹುದಿತ್ತು, ಎತ್ತು ಹೇಸರಗತ್ತೆಗಳಿಗೂ ರಜೆ ಸಿಗ್ತಿತ್ತು. ಸೋಮವಾರ ಬೆಳಗ್ಗೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ ಅಂದ್ಕೋತೀನಿ. ಬಚ್ಚಿಟ್ಟವನು ಸ್ಯೂಸ್. ಯಾಕೆ ಬಚ್ಚಿಟ್ಟ ಅಂದರೆ ಪ್ರೊಮಿಥಿಯಸ್ ಅವನಿಗೆ ಮೋಸ ಮಾಡಿದ್ದ.

ಆ ಮೋಸ ನಡೆದದ್ದು ಮೆಕೋನೆ ಎಂಬಲ್ಲಿ, ಒಂದು ಊಟದ ಹೊತ್ತಿಗೆ. ದೇವತೆಗಳಿಗೆಷ್ಟು, ಮನುಷ್ಯರಿಗೆಷ್ಟು ಅಂತ ಎತ್ತಿನ ಮಾಂಸ ಪಾಲು ಮಾಡಬೇಕಿತ್ತು. ಪ್ರೊಮಿಥಿಯಸ್ ಒಳ್ಳೆಯ ಮಾಂಸವನ್ನೆಲ್ಲ ನೋಡಲು ಅಸಹ್ಯವಾದ ಹೊಟ್ಟೆಚೀಲದೊಳಗೆ ತುಂಬಿಟ್ಟ. ಬರೀ ಮೂಳೆಗಳನ್ನು ಬೆಳ್ಳಗೆ ಹೊಳೆಯೋ ಕೊಬ್ಬಿನಲ್ಲಿ ಸುತ್ತಿಟ್ಟ. ಸ್ಯೂಸ್ ಕೊಬ್ಬಿನ ಪಾಲನ್ನೇ ಎತ್ತಿಕೊಂಡ. ಗೊತ್ತಿದ್ದೇ ಎತ್ತಿಕೊಂಡ ಅಂತಾನೆ ಹೆಸಿಯಡ್. ಸಿಟ್ಟಿಗೆ ಬೆಂಕಿಯನ್ನು ಮನುಷ್ಯರಿಂದ ದೂರ ಇಟ್ಟ. ಪ್ರೊಮಿಥಿಯಸ್ ಅದನ್ನು ಟೊಳ್ಳು ಕಾಂಡದಲ್ಲಿ ಅಡಗಿಸಿ ಕದ್ದು ತಂದ. ಈ ಕಳ್ಳನನ್ನು ಮುಂದೆ ಲೋಕವೆಲ್ಲ ತಲೆ ಮೇಲೆ ಹೊತ್ತು ಮೆರೆಸಿದೆ. ಮೇರಿ ಶೆಲ್ಲಿ 1818ರಲ್ಲಿ ತನ್ನ ಫ್ರಾಂಕನ್‌ಸ್ಟೈನ್ ಕಾದಂಬರಿಗೆ 'ಆಧುನಿಕ ಪ್ರೊಮಿಥಿಯಸ್' ಅಂತ ಉಪಶೀರ್ಷಿಕೆ ಕೊಟ್ಟಳು. ಮಾರ್ಕ್ಸ್ ಡಾಕ್ಟರೇಟ್ ಪ್ರಬಂಧದ ಮುನ್ನುಡಿಯಲ್ಲೇ ಅವನನ್ನು ಹುತಾತ್ಮನ ಸ್ಥಾನಕ್ಕೇರಿಸಿದ. ನಮ್ಮಲ್ಲಿ ಹಲವರನ್ನು ರಾತ್ರಿ ಎರಡಕ್ಕೆ ಎಬ್ಬಿಸಿ ಕೂರಿಸೋ, ಸರ್ವರುಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರಿನ ಹೆಸರೂ ಪ್ರೊಮಿಥಿಯಸ್ಸೇ. ಬೆಂಕಿ ತಂದುಕೊಟ್ಟವನ ಹೆಸರು ಬೆಂಕಿ ಬಿದ್ದಿದೆ ಅಂತ ಕೂಗೋ ಯಂತ್ರಕ್ಕೆ.

ಹೆಸಿಯಡ್‌ಗೆ ಮಾತ್ರ ಅವನ ಮೇಲೆ ಅಂಥ ಪ್ರೀತಿಯೇನಿಲ್ಲ. ಇವನ ಜಾಣತನದಿಂದ ನಮಗೆ ಹೀಗಾಯ್ತು ಅನ್ನೋ ಧಾಟಿ ಅವನದು. ಫ್ರೆಂಚ್ ವಿದ್ವಾಂಸ ಜಾನ್ ಪಿಯೇರ್ ವೆರ್ನಾಂ ಇಲ್ಲಿ ಒಂದು ಚಂದದ ಸಂಗತಿ ತೋರಿಸಿಕೊಟ್ಟ. ಈ ಕತೆಯಲ್ಲಿ ಎಲ್ಲವೂ ಇನ್ನೊಂದರೊಳಗೆ ಅಡಗಿದೆ. ಮಾಂಸ ಹೊಟ್ಟೆಚೀಲದಲ್ಲಿ, ಮೂಳೆ ಕೊಬ್ಬಿನಲ್ಲಿ, ಬೆಂಕಿ ಕಾಂಡದಲ್ಲಿ, ಕಾಳು ಮಣ್ಣಿನಲ್ಲಿ. ಆಮೇಲೆ ಹೆಣ್ಣಿನ ರೂಪದೊಳಗೆ ಕೇಡು, ಗುಡಾಣದೊಳಗೆ ಭರವಸೆ. ಹೊರಗೆ ಕಾಣೋದು ಒಂದು, ಒಳಗಿರೋದು ಇನ್ನೊಂದು. ವೆರ್ನಾಂ ಓದಿದ ಮೇಲೆ ಈ ಕತೆಯನ್ನು ಮೊದಲಿನ ಹಾಗೆ ಓದೋದು ಕಷ್ಟ.

ಈಗ ಅವಳಿಗೆ ಬರೋಣ. ಬೆಂಕಿ ಕದ್ದದ್ದಕ್ಕೆ ಶಿಕ್ಷೆಯಾಗಿ ಸ್ಯೂಸ್ ಮಣ್ಣಿನಿಂದ ಒಬ್ಬ ಹೆಣ್ಣನ್ನು ಮಾಡಿಸ್ತಾನೆ. ಗಂಡಸರು ಅಷ್ಟು ಹೊತ್ತಿಗಾಗಲೇ ಇದ್ದಾರೆ, ಅವರು ಎಲ್ಲಿಂದ ಬಂದರು ಅಂತ ಇಲ್ಲಿ ಕೇಳುವ ಹಾಗಿಲ್ಲ. ಥಿಯಾಗನಿಯಲ್ಲಿ ಆ ಹೆಣ್ಣೇ ಕೇಡು. ಹೆಂಗಸರ ಕುಲ ಅವಳಿಂದ ಬಂತು. ಆ ಕುಲ ಹೇಗೆ ಅಂದರೆ ಜೇನುಗೂಡಿನಲ್ಲಿ ಕೂತು ತಿನ್ನೋ ಗಂಡುಜೇನುಗಳ ಹಾಗೆ. ಹೊರಗೆ ದುಡಿಯೋದು ಕೆಲಸದ ಜೇನುಗಳು, ಒಳಗೆ ಕೂತು ಹೊಟ್ಟೆ ತುಂಬಿಸಿಕೊಳ್ಳೋದು ಇವು. ಕೆಲಸದ ಜೇನು ಹೆಣ್ಣು, ಸೋಮಾರಿ ಜೇನು ಗಂಡು ಅನ್ನೋದು ಅವನಿಗೆ ಗೊತ್ತಿರಲಿಲ್ಲ, ಉಪಮೆ ತಿರುಗುಮುರುಗಾಗಿದೆ. ಅದಕ್ಕಾಗಿ ಅವನನ್ನು ಬೈಯೋದು ಬೇಡ. ಬೈಯಬೇಕಾದ್ದು ಬೇರೆ ಇದೆ.

'ದುಡಿಮೆ ಮತ್ತು ದಿನಗಳು' ಕಾವ್ಯದಲ್ಲಿ ಸ್ಯೂಸ್ ಒಬ್ಬೊಬ್ಬ ದೇವತೆಗೂ ಒಂದೊಂದು ಕೆಲಸ ಹಚ್ಚುತ್ತಾನೆ. ಹೆಫೈಸ್ಟಸ್ ಮಣ್ಣು ಕಲಸಿ ರೂಪ ಮಾಡಲಿ, ಅಫ್ರೊಡೈಟಿ ಮೋಹ ತುಂಬಲಿ, ಹರ್ಮಿಸ್ ನಾಯಿಬುದ್ಧಿ ಇಡಲಿ. ಅಥೀನಾಗೆ ಹೇಳಿದ ಕೆಲಸ: ಇವಳಿಗೆ ನೇಯ್ಗೆ ಕಲಿಸು. ಗಮನಿಸಿ, ಈ ಇಡೀ ಕತೆಯಲ್ಲಿ ಒಂದು ಕಸುಬು ಕಲಿಸಿ ಅಂತ ಅಪ್ಪಣೆ ಆಗೋದು ಇವಳೊಬ್ಬಳ ವಿಷಯದಲ್ಲಿ. ಆದರೆ ಕೆಲವು ಸಾಲುಗಳ ನಂತರ ದೇವತೆಗಳು ನಿಜವಾಗಿ ಏನು ಮಾಡಿದರು ಅನ್ನೋ ವಿವರ ಬಂದಾಗ ಅಥೀನಾ ಸೀರೆ ಉಡಿಸೋ ಅಕ್ಕನ ಹಾಗೆ ಬಟ್ಟೆ ಉಡಿಸಿ, ನಡುಪಟ್ಟಿ ಕಟ್ಟಿ ಸಿಂಗಾರ ಮಾಡ್ತಾಳೆ. ನೇಯ್ಗೆ ಪತ್ತೆಯಿಲ್ಲ. ಅಪ್ಪಣೆಗೂ ಅದು ಜಾರಿಯಾದ ರೀತಿಗೂ ನಡುವೆ ಒಂದು ಹೆಣ್ಣಿನ ಕಸುಬು ಕಳೆದುಹೋಯ್ತು. ಕವಿ ಬೇಕಂತಲೇ ಬಿಟ್ಟನೋ, ಹಾಡುವ ಓಘದಲ್ಲಿ ಬಿಟ್ಟುಹೋಯ್ತೋ, ಎರಡೂ ಒಂದೇ. ಅವಳ ದುಡಿಮೆ ಅವನ ಕಣ್ಣಿಗೆ ನಿಲ್ಲೋದಿಲ್ಲ.

ನಿಲ್ಲೋದಿಲ್ಲ ಅನ್ನೋದಕ್ಕೆ ಅವನ ಕಾವ್ಯವೇ ಸಾಕ್ಷಿ. ಬೇಸಾಯ ಶುರು ಮಾಡೋವನಿಗೆ ಮುಂದೆ ಒಂದು ಕಡೆ ಸಲಹೆ ಕೊಡ್ತಾನೆ: ಮೊದಲು ಮನೆ ನೋಡಿಕೋ, ಒಬ್ಬ ಹೆಂಗಸನ್ನು ನೋಡಿಕೋ, ಉಳೋದಕ್ಕೆ ಒಂದು ಎತ್ತು ನೋಡಿಕೋ. ಹೆಂಗಸು ಅಂದರೆ ಹೆಂಡತಿಯಲ್ಲ, ದುಡ್ಡು ಕೊಟ್ಟು ತಂದವಳು, ಎತ್ತಿನ ಹಿಂದೆ ನಡೆಯೋದಕ್ಕೆ. ಆ ವಿವರಣೆಯ ಸಾಲನ್ನು ಆಮೇಲೆ ಯಾರೋ ಸೇರಿಸಿದ್ದು ಅನ್ನೋ ವಿದ್ವಾಂಸರೂ ಇದ್ದಾರೆ. ಇರಲಿ, ಸೇರಿಸಿದವನಿಗಾದರೂ ಹೊಲದಲ್ಲಿ ಯಾರು ನಡೀತಿದ್ದರು ಅಂತ ಗೊತ್ತಿತ್ತಲ್ಲ. ಮದುವೆ ಬೇಡ ಅನ್ನೋ ಗಂಡಸಿನ ಗತಿಯನ್ನೂ ಥಿಯಾಗನಿಯಲ್ಲಿ ಹೇಳ್ತಾನೆ: ಮುಪ್ಪಿನಲ್ಲಿ ನೋಡಿಕೊಳ್ಳೋರಿಲ್ಲದೆ ನರಳ್ತಾನೆ, ಸತ್ತ ಮೇಲೆ ದೂರದ ನೆಂಟರು ಆಸ್ತಿ ಹಂಚಿಕೊಳ್ತಾರೆ. ಅಂದರೆ ಕೂತು ತಿನ್ನೋಳು ಅಂದವಳಿಲ್ಲದೆ ಮನೆ ನಡೆಯೋದಿಲ್ಲ ಅನ್ನೋದೂ ಅದೇ ಬಾಯಿಂದ ಬರುತ್ತೆ.

ಇನ್ನು ಪೆಟ್ಟಿಗೆಯ ವಿಷಯ. ಹೆಸಿಯಡ್ ಬಳಸೋ ಶಬ್ದ 'ಪಿಥೋಸ್'. ಕಾಳು, ಎಣ್ಣೆ, ದ್ರಾಕ್ಷಾರಸ ತುಂಬಿಡೋ ದೊಡ್ಡ ಮಣ್ಣಿನ ಪಾತ್ರೆ, ಎಷ್ಟೋ ಸಲ ಅರ್ಧ ನೆಲದಲ್ಲಿ ಹೂತಿರೋದು. ತತ್ವಜ್ಞಾನಿ ಡಯೋಜಿನಿಸ್ ವಾಸ ಮಾಡ್ತಿದ್ದ ಅಂತ ಹೇಳೋದು ಇಂಥದ್ದರಲ್ಲೇ, ಗಾತ್ರ ಊಹಿಸಿಕೊಳ್ಳಿ. ಕನ್ನಡದಲ್ಲಿ ಇದಕ್ಕೆ ಹೇಳಿಮಾಡಿಸಿದ ಮಾತಿದೆ, ಗುಡಾಣ. ಇದನ್ನು ಕೈಯಲ್ಲಿ ಹಿಡಿಯೋ ಡಬ್ಬಿ ಮಾಡಿದ್ದು ಎರಾಸ್ಮಸ್, 16ನೇ ಶತಮಾನದ ಆರಂಭದಲ್ಲಿ. ಲ್ಯಾಟಿನ್‌ನಲ್ಲಿ ಕತೆ ಹೇಳುವಾಗ 'ಪಿಕ್ಸಿಸ್' ಅನ್ನೋ ಶಬ್ದ ಹಾಕಿದ. ಸೈಕಿ ಎಂಬ ಇನ್ನೊಬ್ಬ ಹೆಣ್ಣು ತೆರೆಯಬಾರದ ಡಬ್ಬಿ ತೆರೆದ ಕತೆ ಅಪುಲಿಯಸ್‌ನಲ್ಲಿದೆ. ಅದರ ಜೊತೆ ಇದು ಕಲಸಿಹೋಗಿರಬೇಕು. ಡೋರಾ ಮತ್ತು ಎರ್ವಿನ್ ಪನೋಫ್ಸ್ಕಿ ದಂಪತಿ 1956ರಲ್ಲಿ ಈ ಒಂದು ಶಬ್ದದ ಪಯಣದ ಮೇಲೆ ಒಂದು ಪುಸ್ತಕವನ್ನೇ ಬರೆದರು.

ಶಬ್ದ ಬದಲಾದರೆ ಏನಾಯ್ತು ಅನ್ನಬಹುದು. ಬಹಳ ಆಯ್ತು. ಪೆಟ್ಟಿಗೆ ಅಂದ ಕೂಡಲೇ ಅದರಲ್ಲಿ ಗುಟ್ಟು ಇರಬೇಕು, ಬೀಗ ಇರಬೇಕು, ಬೇಡ ಅಂದದ್ದನ್ನು ಮಾಡೋ ಹುಡುಗಿ ಇರಬೇಕು. ಗುಡಾಣ ಹಾಗಲ್ಲ. ಮನೆಯ ಹೆಂಗಸು ಗುಡಾಣದ ಮುಚ್ಚಳ ತೆಗೆಯೋದು ದಿನಾ ನಡೆಯೋ ಕೆಲಸ, ಅಡಿಗೆಯ ಮೊದಲ ಹೆಜ್ಜೆ. ಹೆಸಿಯಡ್‌ನ ಭಯ ಇರೋದೂ ಅಲ್ಲೇ: ನಾನು ಬೆಳೆದು ತುಂಬಿಟ್ಟದ್ದಕ್ಕೆ ಇನ್ನೊಂದು ಬಾಯಿ ಬಂತು. ಕುಂಡಿ ಕುಣಿಸುತ್ತ ಬಂದು ಸವಿಮಾತಾಡೋ ಹೆಂಗಸನ್ನು ನಂಬಬೇಡ, ಅವಳ ಕಣ್ಣು ನಿನ್ನ ಕಣಜದ ಮೇಲೆ ಅಂತ ಪರ್ಸೀಸ್‌ಗೆ ಎಚ್ಚರಿಕೆ ಹೇಳೋ ಸಾಲುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪಂಡೋರಾಳ ಅಪರಾಧ ಕುತೂಹಲ ಅಂತ ನಾವು ಹೇಳಿಕೊಂಡು ಬಂದಿದ್ದೀವಿ. ಮೂಲದಲ್ಲಿ ಅವಳ ಅಪರಾಧ ಹಸಿವು.

ಕುತೂಹಲದ ಕತೆಗೆ ದೊಡ್ಡ ಪ್ರಚಾರ ಕೊಟ್ಟವರಲ್ಲಿ ಅಮೆರಿಕದ ನಥೇನಿಯಲ್ ಹಾಥಾರ್ನ್ ಒಬ್ಬ. 1851ರಲ್ಲಿ ಬಂದ ಅವನ 'ಎ ವಂಡರ್ ಬುಕ್'ನಲ್ಲಿ ಪಂಡೋರಾ, ಎಪಿಮಿಥಿಯಸ್ ಇಬ್ಬರೂ ಮಕ್ಕಳು. ಅವರ ಲೋಕದಲ್ಲಿ ಕೆಲಸವೇ ಇಲ್ಲ, ಬರೀ ಆಟ. ಪೆಟ್ಟಿಗೆ ಇದೆ, ಮುದ್ದಾದ ಹಟ ಇದೆ. ಕೊನೆಯಲ್ಲಿ ಭರವಸೆ ಒಳಗಿಂದ ಬಾಗಿಲು ತಟ್ಟುತ್ತೆ, ಮಕ್ಕಳು ಅದನ್ನು ಹೊರಗೆ ಬಿಡ್ತಾರೆ, ಅದು ಗಾಯ ಮಾಯಿಸುತ್ತಾ ಹಾರಾಡುತ್ತೆ. ಮಲಗೋ ಹೊತ್ತಿಗೆ ಓದೋದಕ್ಕೆ ಸೊಗಸಾಗಿದೆ, ಇಲ್ಲ ಅನ್ನಲ್ಲ. ಆದರೆ ನಮ್ಮ ಟ್ರೇನಿಂಗ್ ಸ್ಲೈಡುಗಳು ತೋರಿಸೋ ಭರವಸೆ ಇವನದು, ಹೆಸಿಯಡ್‌ನದಲ್ಲ.

ಹೆಸಿಯಡ್‌ನಲ್ಲಿ ಅದು ಹೊರಗೆ ಬರೋದೇ ಇಲ್ಲ. ಗುಡಾಣದ ಅಂಚಿನ ಕೆಳಗೆ ಸಿಕ್ಕಿಕೊಂಡು ಉಳಿಯುತ್ತೆ; ಅಷ್ಟರಲ್ಲಿ ಮುಚ್ಚಳ ಬೀಳುತ್ತೆ, ಅದೂ ಸ್ಯೂಸ್‌ನ ಇಚ್ಛೆಯಂತೆ. ಕೇಡುಗಳೆಲ್ಲ ಹೊರಗೆ ಬಂದು ನಮ್ಮ ಪಾಲಾದವು. ಹಾಗಿದ್ದ ಮೇಲೆ ಒಳಗೆ ಉಳಿದದ್ದು ನಮಗೆ ಸಿಕ್ಕಿತು ಅನ್ನಬೇಕೋ, ಸಿಗಲಿಲ್ಲ ಅನ್ನಬೇಕೋ? ಈ ಗಂಟನ್ನು ಹಳಬರೂ ಬಿಡಿಸೋಕೆ ಹೋಗಿದ್ದಾರೆ. ಬಾಬ್ರಿಯಸ್ ಎಂಬ ನೀತಿಕತೆಗಾರ ಗುಡಾಣದಲ್ಲಿ ಒಳ್ಳೆಯವೇ ಇದ್ದವು, ಅವೆಲ್ಲ ಸ್ವರ್ಗಕ್ಕೆ ಹಾರಿಹೋದವು, ಭರವಸೆಯೊಂದು ಉಳೀತು ಅಂತ ಕತೆಯನ್ನೇ ಮಗುಚಿ ಹಾಕಿದ. ತರ್ಕ ಸರಿಹೋಯ್ತು, ಕತೆ ಸಪ್ಪೆಯಾಯ್ತು.

ನನಗೆ ದಾರಿ ಕಾಣೋದು ಆ ಗ್ರೀಕ್ ಶಬ್ದದಲ್ಲಿ, ಮತ್ತೆ ಅದೇ ಕಾವ್ಯದಲ್ಲಿ. 'ಎಲ್ಪಿಸ್' ಅಂದರೆ ನಮ್ಮ ಭರವಸೆಯಷ್ಟು ಬೆಳಕಿನ ಶಬ್ದವಲ್ಲ, ನಿರೀಕ್ಷೆ ಅನ್ನೋದು ಹತ್ತಿರ. ಚಳಿಗಾಲದ ಭಾಗದಲ್ಲಿ ಹೆಸಿಯಡ್ ಆ ಶಬ್ದವನ್ನು ಮತ್ತೆ ತರ್ತಾನೆ. ಮನೆಯಲ್ಲಿ ಕಾಳಿಲ್ಲದ ಸೋಮಾರಿಯೊಬ್ಬ ಕಮ್ಮಾರನ ಕುಲುಮೆಯ ಬಳಿ ಬೆಚ್ಚಗೆ ಕೂತು ಹರಟೆ ಹೊಡೀತಿದ್ದಾನೆ, ಖಾಲಿ ನಿರೀಕ್ಷೆ ಇಟ್ಟುಕೊಂಡು. ಅಂಥವನಿಗೆ ನಿರೀಕ್ಷೆ ಒಳ್ಳೇ ಜೊತೆಯಲ್ಲ ಅಂತಾನೆ ಕವಿ. ಹಾಗಾದರೆ ನಿರೀಕ್ಷೆ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ನಿಂತಿರೋದು ಗುಡಾಣದ ತಳದಲ್ಲಿ ಏನಾದರೂ ಇದೆಯೋ ಇಲ್ಲವೋ ಅನ್ನೋದರ ಮೇಲೆ. ಆರು ತಿಂಗಳ ಇಎಂಐ ಬ್ಯಾಂಕಿನಲ್ಲಿಟ್ಟುಕೊಂಡು ಕೆಲಸ ಬಿಟ್ಟವನ ನಿರೀಕ್ಷೆ ಬೇರೆ, ಹದಿನೈದನೇ ತಾರೀಕಿಗೇ ಖಾತೆ ಖಾಲಿಯಾಗಿರುವವನ ನಿರೀಕ್ಷೆ ಬೇರೆ. ಭರವಸೆಯನ್ನು ಮನಸ್ಸಿನ ಗುಣ ಅಂತ ಹೇಳಿಕೊಟ್ಟವರು ಇದನ್ನು ಮುಚ್ಚಿಟ್ಟರು. ಆಸ್ಕ್ರಾದ ಆ ಸಿಡುಕು ರೈತ ಮುಚ್ಚಿಡಲಿಲ್ಲ, ಅದಕ್ಕೆ ಅವನ ಮೇಲೆ ನನಗೆ ಗೌರವ.

ಆದರೆ ಗೌರವ ಅಲ್ಲಿಗೇ ನಿಲ್ಲುತ್ತೆ. ಯಾಕಂದರೆ ತನ್ನ ಗುಡಾಣ ಬರಿದು ಮಾಡಿದವರು ಯಾರು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಾವ್ಯದ ಶುರುವಿನಲ್ಲೇ ಬೈತಾನೆ: ಪಾಲು ಕಸಿದ ಪರ್ಸೀಸ್, ತೀರ್ಪು ಮಾರಿಕೊಂಡ ದೊರೆಗಳು. ಆ ದೊರೆಗಳಿಗೆ ಅವನು ಕೊಡೋ ವಿಶೇಷಣ 'ಕಾಣಿಕೆ ನುಂಗುವವರು'. ಕಾಣಿಕೆಗೆ ಗ್ರೀಕಿನಲ್ಲಿ 'ಡೋರೊನ್'. ಪಂಡೋರಾ ಹೆಸರಿನೊಳಗೂ ಅದೇ ಧಾತು ಇದೆ. ಎಲ್ಲ ದೇವತೆಗಳೂ ಕಾಣಿಕೆ ಕೊಟ್ಟದ್ದರಿಂದ ಆ ಹೆಸರು ಅಂತ ಹೆಸಿಯಡ್ ಬಿಡಿಸಿ ಹೇಳ್ತಾನೆ. ಸ್ಯೂಸ್‌ನಿಂದ ಕಾಣಿಕೆ ಬಂದರೆ ತಗೋಬೇಡ ಅಂತ ಪ್ರೊಮಿಥಿಯಸ್ ಎಚ್ಚರಿಸಿದ್ದು ಪಂಡೋರಾಗಲ್ಲ, ತನ್ನ ತಮ್ಮ ಎಪಿಮಿಥಿಯಸ್‌ಗೆ. ಇಡೀ ಕತೆಯಲ್ಲಿ ಬೇಡ ಅಂತ ಹೇಳಿಸಿಕೊಂಡೂ ಮಾಡಿದವನು ಅವನು. ತಗೊಂಡು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾನೆ ಕವಿ. ಲಂಚ ತಿನ್ನೋ ದೊರೆಗಳ ಊರಿನಲ್ಲಿ, ಲಂಚ ಕೊಟ್ಟ ಸೋದರನಿಗೆ ಹೇಳ್ತಿರೋ ಕತೆ ಇದು, ಕಾಣಿಕೆ ತಗೊಂಡು ಕೆಟ್ಟ ಗಂಡಸಿನ ಕತೆ. ಆದರೂ ಹೇಳಿ ಮುಗಿಸೋ ಹೊತ್ತಿಗೆ ಕೊಟ್ಟವನು ದೇವರಾದ, ತಗೊಂಡವನು ಪೆದ್ದನಾದ, ಕಾಣಿಕೆಯಾಗಿ ಬಂದವಳು ಅಪರಾಧಿಯಾದಳು. ನಂತರದ ಎರಡೂ ಮುಕ್ಕಾಲು ಸಾವಿರ ವರ್ಷ ನಾವು ಅದನ್ನೇ ಮುಂದುವರಿಸಿಕೊಂಡು ಬಂದಿದ್ದೀವಿ. ಪಂಡೋರಾ ಅಂತ ಹೆಸರಿಟ್ಟ ಎಷ್ಟೋ ಇವೆ, ಎಪಿಮಿಥಿಯಸ್ ಪೆಟ್ಟಿಗೆ ಅಂತ ಯಾರೂ ಹೇಳಿದ್ದು ಕೇಳಿಲ್ಲ.

ಗ್ರೀಕರಿಗೇ ಬೇರೆ ಪಂಡೋರಾ ಗೊತ್ತಿದ್ದಳು. ಆ ಹೆಸರನ್ನು 'ಎಲ್ಲವನ್ನೂ ಕೊಡುವವಳು' ಅಂತಲೂ ಬಿಡಿಸಬಹುದು, ಭೂಮಿತಾಯಿಗೆ ಆ ಹೆಸರಿತ್ತು. ಆಕ್ಸ್‌ಫರ್ಡಿನ ಆ್ಯಶ್ಮೋಲಿಯನ್ ಮ್ಯೂಸಿಯಂನಲ್ಲಿ ಕ್ರಿ.ಪೂ. 450ರ ಸುಮಾರಿನ ಒಂದು ಪಾತ್ರೆ ಇದೆ. ಅದರ ಮೇಲೆ ಪಂಡೋರಾ ಎರಡೂ ಕೈ ಎತ್ತಿಕೊಂಡು ನೆಲದೊಳಗಿಂದ ಮೇಲೆ ಬರ್ತಿದ್ದಾಳೆ, ಬೆಳೆ ಏಳೋ ಹಾಗೆ. ಎಪಿಮಿಥಿಯಸ್ ಕೈಯಲ್ಲಿ ಸುತ್ತಿಗೆ ಹಿಡಿದು ನಿಂತಿದ್ದಾನೆ. ಗುಡಾಣ ಎಲ್ಲೂ ಇಲ್ಲ.

ಇನ್ನೊಂದು ಕತೆ ಪ್ಲೇಟೋನ 'ಪ್ರೊಟಾಗೊರಸ್'ನಲ್ಲಿದೆ. ಅಲ್ಲೂ ಅದೇ ಅಣ್ಣತಮ್ಮಂದಿರು, ಹೆಣ್ಣೇ ಇಲ್ಲ. ಎಪಿಮಿಥಿಯಸ್ ಪ್ರಾಣಿಗಳಿಗೆಲ್ಲ ಉಗುರು, ತೊಗಲು, ವೇಗ ಹಂಚಿ ಮುಗಿಸೋ ಹೊತ್ತಿಗೆ ಮನುಷ್ಯನಿಗೆ ಕೊಡೋದಕ್ಕೆ ಏನೂ ಉಳಿದಿರಲ್ಲ. ಬಜೆಟ್ ಮುಗಿದ ಮೇಲೆ ನಮ್ಮ ಟೀಮ್ ನೆನಪಾದ ಹಾಗೆ. ಪ್ರೊಮಿಥಿಯಸ್ ಬೆಂಕಿಯನ್ನೂ ಕಸುಬನ್ನೂ ಕದ್ದು ಕೊಡ್ತಾನೆ. ಅದೂ ಸಾಲದೆ ಜನ ಊರು ಕಟ್ಟಿಕೊಂಡು ಒಬ್ಬರನ್ನೊಬ್ಬರು ಹಾಳು ಮಾಡ್ತಾರೆ. ಕೊನೆಗೆ ಸ್ಯೂಸ್ ನಾಚಿಕೆಯನ್ನೂ ನ್ಯಾಯವನ್ನೂ ಕಳಿಸಿಕೊಡ್ತಾನೆ. ವೈದ್ಯವಿದ್ಯೆಯ ಹಾಗೆ ಕೆಲವರಿಗೆ ಕೊಡಲೋ, ಎಲ್ಲರಿಗೂ ಕೊಡಲೋ ಅಂತ ಹರ್ಮಿಸ್ ಕೇಳಿದರೆ, ಎಲ್ಲರಿಗೂ ಅನ್ನುತ್ತಾನೆ. ಎಲ್ಲ ನಾಗರಿಕರೂ ಸಭೆಯಲ್ಲಿ ಮಾತಾಡೋ ಅಥೆನ್ಸಿಗೆ ಹೊಂದೋ ಕತೆ. ಆ ಸಭೆಗೆ ಹೆಂಗಸರೂ ಗುಲಾಮರೂ ಹೋಗುವ ಹಾಗಿರಲಿಲ್ಲ ಅನ್ನೋದು ಬೇರೆ. ಹೇಳ್ತಿರೋ ಪ್ರೊಟಾಗೊರಸ್ ಫೀಸು ತಗೊಂಡು ಸದ್ಗುಣ ಕಲಿಸೋ ಮೇಷ್ಟ್ರು. ನ್ಯಾಯವನ್ನು ಎಲ್ಲರೂ ಕಲಿಯಬಹುದು ಅನ್ನೋದರಲ್ಲಿ ಅವನ ಹೊಟ್ಟೆಪಾಡೂ ಇದೆ. ಆದರೂ ಎರಡರಲ್ಲಿ ಒಂದು ಆರಿಸು ಅಂದರೆ ನಾನು ಇದನ್ನೇ ಆರಿಸ್ತೀನಿ. ತೊಂದರೆ ಎಲ್ಲಿಂದ ಬಂತು ಅನ್ನೋ ಪ್ರಶ್ನೆಗೆ ಇಲ್ಲಿ ಉತ್ತರ ಹಂಚಿಕೆಯಲ್ಲಿದೆ, ಯಾರದೋ ಕೈಯ ಮುಚ್ಚಳದಲ್ಲಿ ಇಲ್ಲ.

ಕಾವ್ಯವಾಗಿ ಮಾತ್ರ ಹೆಸಿಯಡ್ ದೊಡ್ಡವನು. 'ದುಡಿಮೆ ಮತ್ತು ದಿನಗಳು' ಬರೀ 828 ಸಾಲು, ಇಂಗ್ಲಿಷ್ ಅನುವಾದಗಳು ಸುಲಭವಾಗಿ ಸಿಗ್ತವೆ, ಒಂದು ಭಾನುವಾರ ಸಾಕು. ಪಂಡೋರಾ 105ನೇ ಸಾಲಿನ ಹೊತ್ತಿಗೆ ಮುಗಿದುಹೋಗ್ತಾಳೆ. ಅಲ್ಲಿಗೆ ಪುಸ್ತಕ ಮುಚ್ಚಬೇಡಿ. ಮುಂದೆ ಚಿನ್ನ, ಬೆಳ್ಳಿ, ಕಂಚು, ವೀರರು, ಕಬ್ಬಿಣ ಅಂತ ಐದು ಪೀಳಿಗೆಗಳ ಕತೆ ಬರುತ್ತೆ, ನಮ್ಮ ಯುಗಗಳು ನೆನಪಾಗದೆ ಇರಲ್ಲ. ಆಮೇಲೆ ಗಿಡುಗ-ಹಕ್ಕಿಯ ಕತೆ, ನೇಗಿಲು ಮಾಡೋದು ಹೇಗೆ, ದೋಣಿ ಯಾವಾಗ ಇಳಿಸಬೇಕು. ಗುಡಾಣ ಮತ್ತೆ ಬರೋದು 368ನೇ ಸಾಲಿನಲ್ಲಿ, ಯಾವ ದೇವತೆಯ ಗೊಡವೆಯೂ ಇಲ್ಲದೆ: ಹೊಸದಾಗಿ ತೆಗೆದಾಗ ಮತ್ತು ತಳ ಕಾಣುವಾಗ ಧಾರಾಳವಾಗಿ ತಗೋ, ನಡುವೆ ಹಿಡಿತ ಇರಲಿ ಅಂತಾನೆ ಪರ್ಸೀಸ್‌ಗೆ. ಅಲ್ಲಿ ಮುಚ್ಚಳ ತೆಗೆಯೋನು ಪರ್ಸೀಸೇ.